ಮಾಗಿಯ ಚಳಿಯೂ ಮನದ ನಿಯಮವೂ

ಮಾಗಿಯ ನಸುಕಿನಲ್ಲಿ ಕರಜಗಿಯ ರಸ್ತೆಯ ಮೇಲೆ ಓಡಲು ಹೊರಡುವ ಹವ್ಯಾಸಿಗೆ ಮೊದಲ ಎದುರಾಳಿ ಹೊದ್ದ ಕೌದಿಯೇ. “ಇಂದು ಚಳಿ ಬಹಳ, ನಾಳೆ ನೋಡೋಣ” ಎಂದು ಮನಸ್ಸು ನುಡಿಯುತ್ತದೆ. ನಾಳೆಯೂ ಚಳಿ ಇದ್ದೇ ಇರುತ್ತದೆ. ಹಾಗಾದರೆ ಮನುಷ್ಯನು ಉತ್ಸಾಹ ಬಂದ ಮೇಲೆ ಕಾರ್ಯಕ್ಕೆ ತೊಡಗಬೇಕೋ, ಕಾರ್ಯಕ್ಕೆ ತೊಡಗಿ ಉತ್ಸಾಹವನ್ನು ಪಡೆಯಬೇಕೋ?

ದೇಹಧರ್ಮವೇ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಮೊದಲ ಹೆಜ್ಜೆಗಳಲ್ಲಿ ಬಿಗಿದಿದ್ದ ಸ್ನಾಯುಗಳು ಓಡಿದಂತೆ ತಾವೇ ಶಾಖವನ್ನು ಹುಟ್ಟಿಸುತ್ತವೆ. ಗಿರಾಕಿ ಬಂದ ಮೇಲೆ ಅಂಗಡಿ ತೆರೆಯುವೆನೆಂದು ಕುಳಿತವನಿಗೆ ವ್ಯಾಪಾರವೆಲ್ಲಿ?

ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ 42.75 ಕಿಲೋಮೀಟರಿನ ಮ್ಯಾರಥಾನ್ ಓಡಿ 19ನೆಯವರಾದರು. ಪದಕ ದೊರೆಯಲಿಲ್ಲ, ಹಿಡಿದ ಓಟ ಮಾತ್ರ ಪೂರ್ಣವಾಯಿತು. ಹವ್ಯಾಸಿಗಾದರೋ ಪಂದ್ಯವೂ ಇಲ್ಲ, ನೋಡುವವರೂ ಇಲ್ಲ.

ಅದೇ ಹೊತ್ತಿಗೆ ತೊಗರಿ ಕೊಯ್ಯಲು ಹೊರಟ ಕೂಲಿಯ ತಾಯಂದಿರು ಅವನಿಗೆ ಎದುರಾಗುತ್ತಾರೆ. ಅವರನ್ನು ಹುರಿದುಂಬಿಸುವವರು ಯಾರೂ ಇಲ್ಲ. ಹೊಟ್ಟೆಪಾಡೇ ಅವರನ್ನು ಎಬ್ಬಿಸುತ್ತದೆ. ಮರಳಿ ಮಲಗುವ ಸ್ವಾತಂತ್ರ್ಯ ಓಡುವವನಿಗೆ ಉಂಟು, ಅವರಿಗಿಲ್ಲ. ಇದನ್ನು ಅರಿತಾಗ ಅವನ ಹೆಮ್ಮೆ ಕರಗಬೇಕು. ಸ್ವಾತಂತ್ರ್ಯವುಳ್ಳವನು ತನ್ನನ್ನು ತಾನೇ ಕಟ್ಟಿಕೊಳ್ಳುವುದೇ ನಿಯಮ.

ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ ಎಂದು ಸಮಂತಭದ್ರಾಚಾರ್ಯರು ವಿಭಾಗಿಸಿದ್ದಾರೆ. ದುರ್ಬಲ ಮನಸ್ಸಿಗೆ ಈ ವಿಭಾಗವೇ ಕರುಣೆ. ಜೀವನವಿಡೀ ಓಡುವೆನೆಂಬ ಹಟ ಬೇಡ. ಮಾಗಿ ಮುಗಿಯುವವರೆಗೆ ಎಂದರೆ ಸಾಕು. ಜ್ವರ ಬಂದ ದಿನ ನಿಲ್ಲುವುದು ಸೋಲಲ್ಲ, ವಿವೇಕ. ಆದರೆ ಆಲಸ್ಯಕ್ಕೆ ಜ್ವರವೆಂದು ಹೆಸರಿಡಬಾರದು. ಆ ಲೆಕ್ಕವನ್ನು ನೋಡುವವನು ತಾನೊಬ್ಬನೇ. ಆದ್ದರಿಂದಲೇ ಅದು ಶುದ್ಧವಾಗಿರಬೇಕು.