ಮರೆವೂ ಪ್ರಮಾದವೂ

ವೃದ್ಧರೊಬ್ಬರು ನಡೆದ ಸಂಗತಿಯನ್ನು ಮರೆತು ನಡೆದೇ ಇಲ್ಲವೆಂದರೆ ಅದನ್ನು ಸುಳ್ಳೆಂದು ಕರೆಯಬಹುದೇ? ಪ್ರಶ್ನೆ ಸಣ್ಣದಾಗಿ ತೋರಿದರೂ ಎಷ್ಟೋ ಮನೆಗಳ ನೆಮ್ಮದಿ ಅದರ ಉತ್ತರವನ್ನು ಅವಲಂಬಿಸಿದೆ.

ಬೀದರ ಜಿಲ್ಲೆಯ ರಾಜೇಶ್ವರದಂಥ ಊರಿನಲ್ಲಿ ಎಪ್ಪತ್ತು ದಾಟಿದ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ತೊಗರಿ ಮಾರಿದ ಹಣ ಕೈಸೇರಿದ್ದು ಅವರಿಗೆ ನೆನಪಿಲ್ಲ. ಬಂದೇ ಇಲ್ಲವೆಂದು ವಾದಿಸುತ್ತಾರೆ. ಕೊಂಡವನು ಅವರದೇ ರುಜುವಿರುವ ಚೀಟಿಯನ್ನು ತೋರಿಸುತ್ತಾನೆ. ನಾಲ್ಕು ಜನರೆದುರು ಮಗನಿಗೆ ಮುಖಭಂಗವಾಗಿ, “ಅಪ್ಪಾ, ಈ ವಯಸ್ಸಿನಾಗ ಸುಳ್ಳು ಹೇಳಬ್ಯಾಡ್ರಿ” ಎಂಬ ಮಾತು ಜಾರಿಬಿಡುತ್ತದೆ. ಸತ್ಯಾಣುವ್ರತವನ್ನು ಆಯುಷ್ಯವಿಡೀ ಪಾಲಿಸಿಕೊಂಡು ಬಂದವರಿಗೆ ಇದಕ್ಕಿಂತ ಕಠಿನವಾದ ಪೆಟ್ಟು ಇನ್ನೊಂದಿರಲಾರದು.

ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಉಗ್ರಾಣ ಅದಕ್ಕಿಲ್ಲ. ಕ್ಷಣಕ್ಷಣದ ರಕ್ತಪ್ರವಾಹವೇ ಅದರ ಜೀವನಾಧಾರ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇವು ವರ್ಷಗಟ್ಟಲೆ ಕಾಡಿದಾಗ ಮೆದುಳಿನ ಆಳದ ಕೂದಲೆಳೆಯಂಥ ರಕ್ತನಾಳಗಳು ಪೆಡಸಾಗಿ ಇಕ್ಕಟ್ಟಾಗುತ್ತವೆ. ನೋವಿಲ್ಲ, ಕೈಕಾಲು ಸೋಲುವುದೂ ಇಲ್ಲ. ಮೊದಲು ಕುಂದುವುದು ಯೋಚನೆಯ ವೇಗ, ಕೆಲಸಗಳನ್ನು ಒಂದಾದಮೇಲೊಂದು ಜೋಡಿಸುವ ಶಕ್ತಿ, ಲೆಕ್ಕದ ಹಿಡಿತ. ನೆನಪು ಎಷ್ಟೋ ವೇಳೆ ಅಳಿದಿರುವುದಿಲ್ಲ, ಬೇಕೆಂದಾಗ ಕೈಗೆ ಸಿಗುವುದಿಲ್ಲ, ಅಷ್ಟೆ. ಅಲ್ಜೈಮರ್ ರೋಗವೂ ಇದರೊಡನೆ ಬೆರೆತಿರುವುದುಂಟು. (ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರಬಹುದು. ಸಸ್ಯಾಹಾರಿ ಮನೆಗಳಲ್ಲಿ ಇದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಚಿಕಿತ್ಸೆಗೆ ಬಗ್ಗುವ ಕಾರಣವದು.)

ಹಾಗಾದರೆ ದೋಷವೆಲ್ಲಿದೆ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿರಿಸುತ್ತದೆ. ಆ ಒರೆಗಲ್ಲಿಗೆ ಉಜ್ಜಿದರೆ ವೃದ್ಧರ ಮಾತು ಅಸತ್ಯವೆನಿಸದು. ವಂಚಿಸುವ ಉದ್ದೇಶವಾಗಲೀ ಎಚ್ಚರಗೇಡಿತನವಾಗಲೀ ಅದರ ಹಿಂದಿಲ್ಲ. ವಿಚಾರಿಸದೆ ಆಡಿದ ಮಗನ ಮಾತಿನಲ್ಲೇ ಪ್ರಮಾದವಿದೆ.

ಆದರೂ ಪ್ರಶ್ನೆ ಇಷ್ಟಕ್ಕೇ ಮುಗಿಯದು. ತಂದೆಗೆ ಐವತ್ತಾಗಿದ್ದಾಗ ವೈದ್ಯರು ರಕ್ತದೊತ್ತಡದ ಗುಳಿಗೆ ಬರೆದುಕೊಟ್ಟಿರಬಹುದು, ನೋವೇ ಇಲ್ಲವೆಂದು ಅವರು ಅದನ್ನು ಬಿಟ್ಟಿರಬಹುದು. ಅಮೆರಿಕದಲ್ಲಿ 50 ದಾಟಿದ 9,000ಕ್ಕೂ ಮಿಕ್ಕಿದ ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇಲಿನ ಒತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿರಿಸಲು ಯತ್ನಿಸಿದವರಲ್ಲಿ ಬುದ್ಧಿಶಕ್ತಿಯ ಸೌಮ್ಯ ಕುಂದು ಸುಮಾರು ಐದನೆಯ ಒಂದರಷ್ಟು ಕಡಿಮೆ ಕಂಡಿತು. ಪೂರ್ಣ ಬುದ್ಧಿಮಾಂದ್ಯದ ವಿಷಯದಲ್ಲಿ ಅಷ್ಟು ಖಚಿತವಾದ ಫಲ ಸಿಗಲಿಲ್ಲವೆಂಬುದನ್ನೂ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕೈಗೊಂಡ ದೀರ್ಘಾವಧಿಯ ಅಧ್ಯಯನಕ್ಕೆ ಜನರನ್ನು ಆರಿಸಿಕೊಂಡದ್ದು 45ನೆಯ ವಯಸ್ಸಿನಿಂದಲೇ. ಮುಪ್ಪಿನ ಮರೆವಿನ ಬೇರು ನಡುವಯಸ್ಸಿನಲ್ಲಿದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಇದನ್ನೇ ಹಿಡಿದು ತಂದೆಯನ್ನು ಮತ್ತೆ ದೂಷಿಸುವುದು ನ್ಯಾಯವಲ್ಲ. ಐವತ್ತರಲ್ಲಿ ಗುಳಿಗೆಯ ದುಡ್ಡನ್ನು ಅವರು ಮಕ್ಕಳ ಶಾಲೆಯ ಶುಲ್ಕಕ್ಕೆ ಕಟ್ಟಿರಲೂ ಸಾಕು. ಆ ವಯಸ್ಸು ಈಗ ಮಗನದಾಗಿದೆ; ತನ್ನ ರಕ್ತದೊತ್ತಡವೆಷ್ಟೆಂದು ಅವನಿಗೆ ತಿಳಿದಿದೆಯೇ? ಮಾಂಸಾಹಾರವಿಲ್ಲದ ಮನೆಯೆಂಬ ಸಮಾಧಾನ ಸಾಲದು. ಹಪ್ಪಳ ಸಂಡಿಗೆಗಳ ಉಪ್ಪು ರಕ್ತನಾಳಗಳಿಗೆ ಅಹಿಂಸಕವೇನಲ್ಲ.

ರಾತ್ರಿಭೋಜನ ತ್ಯಾಗದ ಕಾರಣಕ್ಕೆ ರಾತ್ರಿಯ ಗುಳಿಗೆಯನ್ನೇ ಬಿಟ್ಟುಬಿಡುವವರಿದ್ದಾರೆ. ಇಲ್ಲಿ ವ್ರತಕ್ಕೂ ಚಿಕಿತ್ಸೆಗೂ ವಿರೋಧವನ್ನು ಕಲ್ಪಿಸಬೇಕಾಗಿಲ್ಲ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು, ರಕ್ತದೊತ್ತಡದ ಔಷಧವನ್ನು ಬೆಳಿಗ್ಗೆ ತೆಗೆದುಕೊಂಡರೂ ಸಂಜೆ ತೆಗೆದುಕೊಂಡರೂ ಹೃದಯಾಘಾತ, ಪಾರ್ಶ್ವವಾಯುಗಳ ಪ್ರಮಾಣದಲ್ಲಿ ವ್ಯತ್ಯಾಸವಾಗದೆಂದು ತೋರಿಸಿತು. ಸೂರ್ಯಾಸ್ತಕ್ಕೆ ಮುಂಚಿನ ವೇಳೆಯನ್ನು ಗೊತ್ತುಮಾಡಿಕೊಡಿರೆಂದು ವೈದ್ಯರನ್ನು ಕೇಳಿದರಾಯಿತು. ಉಪವಾಸದ ದಿನದ ಔಷಧದ ವಿಷಯವನ್ನೂ, ಅದರಲ್ಲಿಯೂ ಸಕ್ಕರೆ ಕಾಯಿಲೆಯವರು, ಮುಂಚೆಯೇ ಕೇಳಿಕೊಳ್ಳುವುದು ಅವಶ್ಯ.

ಈ ಸೀಮೆಯ ಜನಕ್ಕೆ ಒಂದು ಅನುಕೂಲವೂ ಉಂಟು. ಕನ್ನಡ, ಮರಾಠಿ, ಉರ್ದು ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಹೈದರಾಬಾದಿನಲ್ಲಿ ಪಾರ್ಶ್ವವಾಯು, ಊರಮಾತಿನಲ್ಲಿ ಲಕ್ವ, ಬಡಿದ 608 ರೋಗಿಗಳನ್ನು ಸುವರ್ಣಾ ಅಲ್ಲಾಡಿಯವರ ತಂಡ ಅಭ್ಯಸಿಸಿದಾಗ, ಅನಂತರವೂ ಬುದ್ಧಿಶಕ್ತಿ ಸಹಜವಾಗಿ ಉಳಿದವರು ಏಕಭಾಷಿಕರಲ್ಲಿ ಶೇಕಡಾ 20ರಷ್ಟು, ದ್ವಿಭಾಷಿಕರಲ್ಲಿ 40ರಷ್ಟು ಇದ್ದರು. ಭಾಷೆಗಳು ಲಕ್ವವನ್ನು ತಡೆಯುತ್ತವೆಂದು ಇದರ ಅರ್ಥವಲ್ಲ. ಪೆಟ್ಟು ತಿಂದ ಮೆದುಳಿಗೆ ಬದಲಿ ದಾರಿಗಳು ಹೆಚ್ಚಿರಬಹುದೆಂದಷ್ಟೆ. ಮಾತು ತಡವರಿಸತೊಡಗಿದ ಹಿರಿಯರನ್ನು ಮೂಲೆಯಲ್ಲಿ ಸುಮ್ಮನೆ ಕುಳ್ಳಿರಿಸುವ ವಾಡಿಕೆಯನ್ನು ಮನೆಯವರು ಮರುವಿಮರ್ಶಿಸಲು ಇಷ್ಟು ಸಾಕು.

ಆ ಮಗ ಚೀಟಿಯನ್ನು ಕಣ್ಣೆದುರು ಹಿಡಿಯುವ ಬದಲು ಪಕ್ಕದಲ್ಲಿ ಕುಳಿತು, “ಅಪ್ಪಾ, ಅವತ್ತು ಚೀಲ ಹೊರಿಸೋ ಹೊತ್ತಿಗೆ ಮಳಿ ಬಂದಿತ್ತಲ್ಲ, ತಾಡಪತ್ರಿ ಹೊದಿಸಿದ್ವಿ” ಎಂದಿದ್ದರೆ, ಸ್ವಲ್ಪ ತಡವಾಗಿಯಾದರೂ, ಹಣ ಎಣಿಸಿದ ಜಾಗ ತಂದೆಯ ನೆನಪಿಗೆ ಬಂದಿರಬಹುದಾಗಿತ್ತು.