ಪೂಜೆ ಚಿಕ್ಕದು ಮಾಡಿದರೆ ದೋಷವೇ?

ಪ್ರಶ್ನೆ: ನಮ್ಮ ಮನೆ ಹೆಬ್ರಿಯಲ್ಲಿ. ನನಗೆ ಮಣಿಪಾಲದಲ್ಲಿ ಕೆಲಸ. ಬೆಳಿಗ್ಗೆ 7.30ಕ್ಕೆ ಬಸ್ಸು ಹತ್ತಿದರೆ ತಿರುಗಿ ಮನೆ ಸೇರುವಾಗ ರಾತ್ರಿಯಾಗುತ್ತದೆ. ಹೆಂಡತಿಯೂ ಕೆಲಸಕ್ಕೆ ಹೋಗುತ್ತಾಳೆ. ಎರಡು ವರ್ಷದ ಹಿಂದೆ ತಂದೆಯವರು ತೀರಿಕೊಂಡರು. ದೇವರ ಪೂಜೆ ಈಗ ನನ್ನ ಪಾಲಿನದು. ಅವರು ಒಂದೂವರೆ ಗಂಟೆ ಮಾಡುತ್ತಿದ್ದದ್ದನ್ನು ನಾನು ಮೊಬೈಲಿನಲ್ಲಿ ಟೈಮರ್ ಇಟ್ಟು ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. ಮೊನ್ನೆ ಅಮ್ಮ, "ಎಂಥ ಮಾರಾಯ, ದೇವರಿಗೂ ಬಸ್ಸಿನ ಟೈಮಾ?" ಎಂದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಪೂಜೆಯನ್ನು ಸಂಕ್ಷೇಪ ಮಾಡಬಹುದೇ? ಸಮಯ ಹೊಂದಿಸಿಕೊಳ್ಳುವುದು ಹೇಗೆ?
– ಒಬ್ಬ ಓದುಗರು, ಹೆಬ್ರಿ

ಉತ್ತರ: ಚಿಕ್ಕ ಪೂಜೆಗೆ ದೋಷವಿಲ್ಲ. ಓಡಿಸಿದ ಪೂಜೆಗೆ ಇದೆ. ಎರಡೂ ಒಂದೇ ಅಲ್ಲ. ಒಂದೂವರೆ ಗಂಟೆಯ ಪೂಜೆಯನ್ನು ಅರ್ಧ ಗಂಟೆಯೊಳಗೆ ತುರುಕಿದರೆ ಮಂತ್ರ ಬಾಯಲ್ಲಿ, ಕೈ ಆರತಿಯಲ್ಲಿ, ಕಣ್ಣು ಮೊಬೈಲಿನಲ್ಲಿ. ಅದನ್ನೇ ಅರ್ಧ ಗಂಟೆಯ ಪೂಜೆ ಎಂದು ಮೊದಲೇ ನಿಶ್ಚಯಿಸಿಕೊಂಡು ಕೂತರೆ ಕಣ್ಣು, ಕೈ, ಬಾಯಿ ಮೂರೂ ಒಂದು ಕಡೆ ಇರುತ್ತವೆ. ನಿಮ್ಮ ಅಮ್ಮ ಕಂಡದ್ದು ಬಹುಶಃ ಈ ವ್ಯತ್ಯಾಸವನ್ನೇ.

ಪೂಜೆ ಎಲ್ಲಿಂದ ಶುರುವಾಗುತ್ತದೆ ಯೋಚಿಸಿ. ಸಂಕಲ್ಪದಿಂದ, ಅಲ್ವಾ? ಅಲ್ಲಿ ನಾವು ಮೊದಲು ಹೇಳುವುದು ದೇಶ, ಕಾಲ. ಭರತವರ್ಷದಿಂದ ಹಿಡಿದು ನಮ್ಮ ಪರಶುರಾಮ ಕ್ಷೇತ್ರದವರೆಗೆ, ಸಂವತ್ಸರದಿಂದ ಹಿಡಿದು ಇವತ್ತಿನ ತಿಥಿ, ವಾರ, ನಕ್ಷತ್ರದವರೆಗೆ. 'ನಾನು ಈಗ, ಇಲ್ಲಿ ಇದ್ದೇನೆ. ಇಂಥದ್ದನ್ನು ಮಾಡುತ್ತೇನೆ' ಎಂದು ಸಾಕ್ಷಿ ಸಮೇತ ಒಪ್ಪಿಕೊಳ್ಳುವುದೇ ಸಂಕಲ್ಪ. ಹಾಗೆ ಹೇಳಿದ ಮರುಕ್ಷಣ ಮನಸ್ಸು ಪೆರ್ಡೂರು, ಹಿರಿಯಡ್ಕ ದಾಟಿ ಆಫೀಸಿಗೆ ಹೋಗಿ ಕೂತರೆ ಸಂಕಲ್ಪ ಸುಳ್ಳಾಯಿತು. ಮಾಡುವಷ್ಟನ್ನೇ ಹೇಳಿ, ಹೇಳಿದಷ್ಟನ್ನು ಪೂರ್ತಿ ಮಾಡಿ. ಸಮಯದ ವಿಷಯದಲ್ಲಿ ಧರ್ಮ ಕೇಳುವುದು ಇಷ್ಟೇ.

ಚಿಕ್ಕದು ಮಾಡಲಿಕ್ಕೆ ಹಿರಿಯರೇ ದಾರಿ ಇಟ್ಟಿದ್ದಾರೆ. ಷೋಡಶೋಪಚಾರ ಆಗದಿದ್ದರೆ ಪಂಚೋಪಚಾರ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಉಪನಯನವಾದವರಿಗೆ ಗಾಯತ್ರಿ 1008 ಆಗದಿದ್ದರೆ 108, ಅದೂ ಆಗದಿದ್ದರೆ 28, ಕಡೆಗೆ 10. ಸಂಧ್ಯೆಯ ಹೊತ್ತು ಮೀರಿದರೆ ಪ್ರಾಯಶ್ಚಿತ್ತದ ಅರ್ಘ್ಯ ಕೊಟ್ಟು ಮುಂದುವರಿಯುವ ಕ್ರಮವೂ ಇದೆ. ಸೋಣ ತಿಂಗಳಲ್ಲಿ ನಮ್ಮ ಕಡೆಯ ಹೆಂಗಸರು ಮಾಡುವ ಹೊಸ್ತಿಲು ಪೂಜೆಯನ್ನು ನೋಡಿ. ಹೊಸ್ತಿಲು ತೊಳೆದು, ರಂಗೋಲಿ ಬರೆದು, ಹೂವಿಟ್ಟು ಕೈ ಮುಗಿಯಲಿಕ್ಕೆ ಎಷ್ಟು ಹೊತ್ತು? ಆದರೂ ಅದು ಅರ್ಧ ಪೂಜೆ ಎಂದು ಯಾರೂ ಹೇಳುವುದಿಲ್ಲ.

ಆದರೆ ಒಂದು ಎಚ್ಚರ ಬೇಕು. ಇದಕ್ಕೆಲ್ಲ ಆಧಾರ 'ಯಥಾಶಕ್ತಿ' ಎಂಬ ಮಾತು. ಅದರ ಅರ್ಥ 'ಶಕ್ತಿಗೆ ತಕ್ಕಂತೆ' ಎಂದು, 'ಅನುಕೂಲಕ್ಕೆ ತಕ್ಕಂತೆ' ಎಂದಲ್ಲ. ಒಂದು ಅಹೋರಾತ್ರಿಗೆ 60 ಗಳಿಗೆ. ಒಂದು ಗಳಿಗೆ ಎಂದರೆ 24 ನಿಮಿಷ. ಪೂಜೆಗೆ ಒಂದು ಗಳಿಗೆ ಕೊಟ್ಟರೆ 59 ಉಳಿಯುತ್ತವೆ. ರಾತ್ರಿ ಊಟದ ಮೇಲೆ ಮೊಬೈಲು ಹಿಡಿದು ಎರಡು ಗಳಿಗೆ ಕಳೆಯುವವರು ಬೆಳಿಗ್ಗೆ ಒಂದು ಗಳಿಗೆಗೆ ಪುರುಸೊತ್ತಿಲ್ಲ ಎಂದರೆ ಅದು ಯಥಾಶಕ್ತಿ ಆಗುವುದಿಲ್ಲ. ಇದು ನಿಮಗೊಬ್ಬರಿಗೆ ಹೇಳುವ ಮಾತಲ್ಲ. ಬೆಂಗಳೂರು, ಮುಂಬಯಿಯಲ್ಲಿ ಕೂತು ಓದುವ ನಮಗೆಲ್ಲರಿಗೂ ಸೇರಿದ್ದು.

ಟೈಮರ್ ಇಡಬಹುದೇ? ಧಾರಾಳವಾಗಿ. ಹಿಂದೆ ಮದುವೆ ಮನೆಗಳಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ. ಆದರೆ ಬಟ್ಟಲು ಇಡುತ್ತಿದ್ದದ್ದು ಸರಿಯಾದ ಮುಹೂರ್ತಕ್ಕೆ ಧಾರೆ ಎರೆಯಲಿಕ್ಕೆ, ಮದುವೆ ಬೇಗ ಮುಗಿಸಲಿಕ್ಕೆ ಅಲ್ಲ. ನೀವೂ ಹಾಗೆಯೇ ಮಾಡಿ. ಅಲಾರಂ ಕೂರುವ ಹೊತ್ತಿಗೆ ಇರಲಿ. ಏಳುವ ಹೊತ್ತಿಗೆ ಬೇಡ. ಪೂಜೆಯ ಅಳತೆಯನ್ನು ಮೊದಲೇ ನಿಶ್ಚಯಿಸಿದ ಮೇಲೆ ಮೊಬೈಲನ್ನು ದೇವರ ಕೋಣೆಯ ಹೊರಗೆ ಇಡಿ.

ಹೆಚ್ಚಿನ ಮನೆಗಳಲ್ಲಿ ಹೊತ್ತು ಹೋಗುವುದು ಪೂಜೆಗಲ್ಲ, ಬತ್ತಿ ಎಲ್ಲಿ, ಕರ್ಪೂರ ಎಲ್ಲಿ ಎಂದು ಹುಡುಕುವುದಕ್ಕೆ. ಉಡುಪಿಯಲ್ಲಿ ಶ್ರೀಕೃಷ್ಣನಿಗೆ ದಿನಕ್ಕೆ 14 ಪೂಜೆ, ನಸುಕಿನ ನಿರ್ಮಾಲ್ಯ ವಿಸರ್ಜನೆಯಿಂದ ರಾತ್ರಿಯ ಏಕಾಂತ ಸೇವೆಯವರೆಗೆ. ಅಷ್ಟಮಠಗಳಿಗೆ ಎರಡೆರಡು ವರ್ಷದ ಪರ್ಯಾಯ. ಹಾಗಾಗಿ ಒಂದು ಮಠಕ್ಕೆ ಸರದಿ ತಿರುಗಿ ಬರುವುದು 16 ವರ್ಷಕ್ಕೆ. ಪರ್ಯಾಯ ಪೀಠ ಏರುವುದು ಜನವರಿ 18ಕ್ಕೆ. ಆದರೆ ಕೆಲಸ ಶುರುವಾಗುವುದು ಸುಮಾರು ಒಂದು ವರ್ಷ ಮೊದಲೇ: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ನಾಳೆ ಬಡಿಸುವ ಎಲೆಗೆ ಇವತ್ತು ಬಾಳೆಗಿಡ ನೆಡುವುದೂ ಪೂಜೆಯೇ, ಅದಕ್ಕೂ ಒಂದು ಮುಹೂರ್ತ ಎಂಬುದು ಅಲ್ಲಿಯ ಪಾಠ.

ನಿಮ್ಮ ಮನೆಗೆ ಇದನ್ನು ಹೀಗೆ ಹೊಂದಿಸಿಕೊಳ್ಳಿ. ಆದಿತ್ಯವಾರ ಕೂತು ವಾರಕ್ಕಾಗುವಷ್ಟು ಬತ್ತಿ ಹೊಸೆದಿಡಿ. ಪೂಜೆಯ ಪಾತ್ರೆಗಳನ್ನು ರಾತ್ರಿಯೇ ಬೆಳಗಿಡಿ. ತುಳಸಿಗೆ ಹಳತಾದ ದೋಷವಿಲ್ಲ. ಹಿಂದಿನ ದಿನ ಸೂರ್ಯಾಸ್ತದ ಮೊದಲು ಕೊಯ್ದದ್ದು ಬೆಳಿಗ್ಗೆಗೆ ನಡೆಯುತ್ತದೆ. ನೀರು ಮಾತ್ರ ಆಗಲೇ ತುಂಬಿಸಿದ್ದಿರಲಿ. ಮನೆಯಲ್ಲಿ ಸಾಲಿಗ್ರಾಮವಿದ್ದರೆ ನಿತ್ಯದ ಅಭಿಷೇಕ, ನೈವೇದ್ಯ ತಪ್ಪಿಸಬೇಡಿ. ಅನ್ನ ಆಗದ ದಿನ ಹಾಲು, ಹಣ್ಣು ಸಾಕು. ಬಸ್ಸಿನಲ್ಲಿ ನಾಮಸ್ಮರಣೆ ಮಾಡಿ. ಗಾಯತ್ರಿಯನ್ನು ಮಾತ್ರ ಬಸ್ಸಿಗೆ ಉಳಿಸಬೇಡಿ. ವಿಸ್ತಾರದ ಪೂಜೆ ಆದಿತ್ಯವಾರಕ್ಕಿರಲಿ. ಮನೆ ಮನೆಗೆ ಪದ್ಧತಿ ಬೇರೆ. ನಿಮ್ಮ ಪುರೋಹಿತರಲ್ಲಿ ಒಮ್ಮೆ ಕೇಳಿಕೊಳ್ಳಿ.

ಎಲ್ಲವನ್ನೂ ಹೀಗೆ ಜರುಗಿಸಲಿಕ್ಕೆ ಬರುವುದಿಲ್ಲ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ಣ. 6ಕ್ಕೆ ಸೂರ್ಯೋದಯ, 6ಕ್ಕೆ ಸೂರ್ಯಾಸ್ತ ಎಂದು ಲೆಕ್ಕ ಹಿಡಿದರೆ ಮಧ್ಯಾಹ್ನ 1.12ರಿಂದ 3.36. ತಂದೆಯವರ ಶ್ರಾದ್ಧಕ್ಕೆ ಹೇಳಿದ ಕಾಲ ಅದು. ಆ ದಿನ ರಜೆ ಹಾಕಿ. ವರ್ಷದ ಪಂಚಾಂಗ ಕೈಗೆ ಬಂದ ಕೂಡಲೇ ತಿಥಿ ನೋಡಿ ಆಫೀಸಿನಲ್ಲಿ ಹೇಳಿಡಿ. ಕರ್ಮಗಳಲ್ಲಿ ನಿತ್ಯ, ನೈಮಿತ್ತಿಕ, ಕಾಮ್ಯ ಎಂಬ ಭೇದವಿದೆ. ನಿತ್ಯವನ್ನು ಬಿಟ್ಟು, ಯಾರೋ ಹೇಳಿದರೆಂದು ಕಾಮ್ಯದ ಹೋಮಕ್ಕೆ ಎರಡು ದಿನ ಓಡಾಡುವವರನ್ನು ಕಾಣುತ್ತೇವೆ. ಅವರಿಗೆ ಕೊರತೆ ಇರುವುದು ಸಮಯದ್ದಲ್ಲ, ಯಾವುದು ಮೊದಲು ಎಂಬ ವಿವೇಕದ್ದು.

ಇನ್ನು ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆ. ತಂದೆಯವರ ಒಂದೂವರೆ ಗಂಟೆ ಎಲ್ಲಿಂದ ಬರುತ್ತಿತ್ತು? ಅವರು ಮಡಿ ಉಟ್ಟು ಕೂರುವ ಮೊದಲೇ ನೆಲ ಒರಸಿ, ಹೂ ಕೊಯ್ದು, ಗಂಧ ತೇಯ್ದು, ನೈವೇದ್ಯಕ್ಕೆ ಒಲೆ ಹೊತ್ತಿಸಿದವರು ಯಾರು? ನಿಮ್ಮ ಅಮ್ಮನೇ ಇರಬೇಕು. ಆ ಹೊತ್ತು ಯಾವ ಲೆಕ್ಕದಲ್ಲೂ ಬರಲಿಲ್ಲ. ಇವತ್ತು ನೀವು ಪೂಜೆಯನ್ನು ಉದ್ದ ಮಾಡಿ, ಆ ಹೊರೆಯನ್ನು ಕೆಲಸಕ್ಕೆ ಹೊರಟ ಹೆಂಡತಿಯ ತಲೆಗೆ ಕಟ್ಟಿದರೆ ದೇವರಿಗೆ ಕೊಟ್ಟದ್ದು ನಿಮ್ಮ ಸಮಯವಲ್ಲ, ಅವರದ್ದು. ನನ್ನದಲ್ಲದ್ದನ್ನು ಅರ್ಪಿಸಲಿಕ್ಕೆ ನನಗೆ ಅಧಿಕಾರವಿಲ್ಲ. ಹಾಗಾಗಿ ನಿಮ್ಮ ಕೈಯಿಂದ ಆಗುವಷ್ಟೇ ನಿಮ್ಮ ಪೂಜೆಯ ಅಳತೆ. ಪಾತ್ರೆ ಬೆಳಗುವುದೂ ನಿಮ್ಮ ಪೂಜೆಯೊಳಗೇ ಸೇರಲಿ.

ಅಮ್ಮನಿಗೆ ಉತ್ತರ ಮಾತಿನಲ್ಲಿ ಕೊಡಬೇಡಿ. ಈ ಆದಿತ್ಯವಾರ ಹತ್ತಿ ತೆಗೆದುಕೊಂಡು ಅವರ ಹತ್ತಿರ ಹೋಗಿ ಕೂತು, ಬತ್ತಿ ಹೊಸೆಯಲಿಕ್ಕೆ ಕಲಿಸಿಕೊಡಿ ಎಂದು ಕೇಳಿ. ಆಗ ಅವರು ತಂದೆಯವರ ಪೂಜೆಯ ಬಗ್ಗೆ ಏನಾದರೂ ಹೇಳಿಯಾರು. ಕೇಳಿಸಿಕೊಳ್ಳಿ. ಅದಕ್ಕೆ ಮಾತ್ರ ಗಳಿಗೆ ಬಟ್ಟಲು ಇಡಬೇಡಿ.