ರಿಪೇರಿಯ ಬೆಲೆ, ನಾಳೆಯ ಬೆಲೆ

"ಮಾರಿದರೆ ಐನೂರು ಬಾರದ ವಾಚಿಗೆ ರಿಪೇರಿ ಎಂಟುನೂರು ಕೇಳುತ್ತಾನಲ್ಲ!" ನಮ್ಮ ಕಡೆಯ ಯಾವ ಗಡಿಯಾರದ ಅಂಗಡಿಯ ಮುಂದೆ ನಿಂತರೂ ಈ ಬಗೆಯ ಮಾತು ಕಿವಿಗೆ ಬೀಳುತ್ತದೆ. ಕೇಳಿದೊಡನೆ ನ್ಯಾಯವೆನಿಸುತ್ತದೆ. ಆದರೆ ಈ ಲೆಕ್ಕದ ತಕ್ಕಡಿಯಲ್ಲೇ ದೋಷವಿದೆ. ರಿಪೇರಿಗೆ ಕೊಡುವ ಹಣ ಒಬ್ಬ ಮನುಷ್ಯನ ಕಣ್ಣಿಗೆ, ಕೈಗೆ, ಹೊತ್ತಿಗೆ ಸಲ್ಲುವಂಥದು. ಅದನ್ನು ವಾಚಿನ ಬೆಲೆಯ ಎದುರಿಗಿಟ್ಟು ತೂಗಲು ನಮಗೆ ಹೇಳಿಕೊಟ್ಟವರು ಯಾರು?

ಬೀದರ್, ಭಾಲ್ಕಿ, ಔರಾದ ಸೀಮೆಯ ಮನೆಗಳಲ್ಲಿ ಹಳೆಯ ವಾಚುಗಳಿಗೆ ಕೊರತೆಯಿಲ್ಲ. ನಿಜಾಮರ ಕಾಲದಲ್ಲಿ ನೌಕರಿಯಲ್ಲಿದ್ದವರ ಪೆಟ್ಟಿಗೆಗಳಲ್ಲಿ ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ ಇರುತ್ತವೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಜಿದ್ದಾ, ದುಬೈಗೆ ದುಡಿಯಲು ಹೋದವರು ರ‍್ಯಾಡೊ ತಂದರು. ಅದನ್ನು ಅಳಿಯನ ಕೈಗೆ ಕಟ್ಟದಿದ್ದರೆ ಮದುವೆಯೇ ಅಪೂರ್ಣವೆಂಬ ಕಾಲವೊಂದಿತ್ತು (ಅದಕ್ಕಾಗಿ ಸಾಲಗಾರರಾದ ಮಾವಂದಿರ ಕಥೆ ಬೇರೆಯೇ ಬರೆಯಬೇಕು). ಇನ್ನು ಮೇಷ್ಟ್ರು, ಗುಮಾಸ್ತ, ಕಂಡಕ್ಟರುಗಳ ಕೈಯಲ್ಲಿದ್ದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ. 1948ರ ಪೊಲೀಸ್ ಕಾರ್ಯಾಚರಣೆಯ ದಿನಗಳ ಹಿಂಸೆಯಲ್ಲಿ ಅತಿಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದೆಂದು ಸುಂದರಲಾಲ್ ಸಮಿತಿಯ ವರದಿ ಹೇಳಿತು. ಮನೆ, ಕಾಗದಪತ್ರ ಎಲ್ಲ ಕಳೆದುಕೊಂಡ ಕುಟುಂಬದಲ್ಲಿ ಅಜ್ಜನದೆಂದು ತೋರಿಸಲು ಒಂದು ವಾಚು ಮಾತ್ರ ಉಳಿದಿದ್ದರೆ, ಅದಕ್ಕೆ ಪೇಟೆಯ ದರ ಹೇಳುವುದು ಹೇಗೆ?

ಕೀ ಕೊಡುವ ಹಳೆಯ ವಾಚುಗಳಲ್ಲಿ ಹೆಚ್ಚಿನವು ಗಂಟೆಗೆ 18,000 ಸಲ ಮಿಡಿಯುತ್ತವೆ. ದಿನಕ್ಕೆ 4,32,000 ಸಲ. ವರ್ಷಗಳು ಕಳೆದಂತೆ ಒಳಗಿನ ಎಣ್ಣೆ ಗಟ್ಟಿಯಾಗಿ, ಧೂಳು ಸೇರಿ, ಚಕ್ರಗಳ ಮೊನೆ ಸವೆಯತೊಡಗುತ್ತದೆ. ಸರ್ವಿಸ್ ಎಂದರೆ ಎಲ್ಲವನ್ನೂ ಬಿಚ್ಚಿ, ತೊಳೆದು, ಒಂದೊಂದಾಗಿ ಮತ್ತೆ ಕೂಡಿಸಿ, ಸೂಜಿಮೊನೆಯಷ್ಟು ಎಣ್ಣೆಯನ್ನು ಇಡಬೇಕಾದಲ್ಲಿ ಮಾತ್ರ ಇಡುವುದು. ಎಣ್ಣೆ ಹೆಚ್ಚಾದರೆ ಹರಡಿ ಕೆಡಿಸುತ್ತದೆ, ಕಡಿಮೆಯಾದರೆ ಮತ್ತೆ ಸವೆತ. ಕೂಡಿಸಿದ ಮೇಲೂ ಕೆಲವು ದಿನ ಮಲಗಿಸಿ ನೋಡಬೇಕು, ನಿಲ್ಲಿಸಿ ನೋಡಬೇಕು, ಎಷ್ಟು ಹಿಂದೆ ಬೀಳುತ್ತದೆ ಎಷ್ಟು ಮುಂದೆ ಓಡುತ್ತದೆ ಎಂದು ಗಮನಿಸಬೇಕು. ತಡವೆಂದು ನಾವು ಗೊಣಗುವ ದಿನಗಳಲ್ಲಿ ಕೆಲವಾದರೂ ಕೆಲಸದ ದಿನಗಳೇ. ಉಳಿದವು ಬಿಡಿಭಾಗ ಹುಡುಕುವ ದಿನಗಳು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಹೊಸ ಭಾಗಗಳ ಮೂಲವೇ ಬತ್ತಿತು. ಈಗ ರಿಪೇರಿಯವನ ಆಸ್ತಿಯೆಂದರೆ ಸತ್ತ ವಾಚುಗಳನ್ನು ತುಂಬಿಟ್ಟ ತಗಡಿನ ಡಬ್ಬಿ. ಒಂದರ ಚಕ್ರ ತೆಗೆದು ಇನ್ನೊಂದಕ್ಕೆ ಜೀವ ಕೊಡುತ್ತಾನೆ.

ದೊಡ್ಡ ಕಂಪನಿಗಳ ಲೋಕವನ್ನೂ ನೋಡೋಣ. 1839ರಿಂದ ಈಚೆಗೆ ತಾನು ತಯಾರಿಸಿದ ಯಾವ ವಾಚನ್ನಾದರೂ ದುರಸ್ತಿ ಮಾಡಿಕೊಡುತ್ತೇನೆನ್ನುತ್ತದೆ ಸ್ವಿಟ್ಜರ್ಲೆಂಡಿನ ಪಟೇಕ್ ಫಿಲಿಪ್. ಅಂಥ ಹಳೆಯ ವಾಚು ಸಮುದ್ರ ದಾಟಿ ಹೋಗಿ ಬರಲು ತಿಂಗಳುಗಳು ಬೇಕು. ಬಿಲ್ಲು ನಮ್ಮ ಹಣದಲ್ಲಿ ಲಕ್ಷ ದಾಟಿದರೂ ಯಾರೂ ಬಾಯಿ ಬಿಡುವುದಿಲ್ಲ. ಅದೇ ಕಂಪನಿಗಳ ಲೋಕದಲ್ಲಿ ಸ್ವತಂತ್ರ ರಿಪೇರಿಗಾರನಿಗೆ ಬಿಡಿಭಾಗ ಸಿಗುವುದು ಕಡಿಮೆಯಾಗುತ್ತ ಬಂದಿದೆ. ಯುರೋಪಿನ ರಿಪೇರಿಗಾರರ ಒಕ್ಕೂಟ ಇದರ ವಿರುದ್ಧ 2004ರಲ್ಲಿ ದೂರು ಕೊಟ್ಟು, ಹದಿಮೂರು ವರ್ಷ ಹೋರಾಡಿ, 2017ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಸೋತಿತು. ಜಿನೀವಾದ ಕುಶಲಕರ್ಮಿಯ ಒಂದು ಗಂಟೆಯನ್ನು ನಾವು ಗೌರವದಿಂದ ಎಣಿಸುತ್ತೇವೆ. ಔರಾದದ ಕುಶಲಕರ್ಮಿಯ ಗಂಟೆಯನ್ನು ಬದನೆಕಾಯಿಯ ಹಾಗೆ ಚೌಕಾಸಿ ಮಾಡುತ್ತೇವೆ. ಅಳತೆಯಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುವ ಅಧ್ಯಾಯ ಕುರ್‌ಆನಿನಲ್ಲಿದೆ, ಎಂಬತ್ತಮೂರನೆಯದು. ಅದನ್ನು ಓದುವಾಗ ನಮ್ಮ ಕಣ್ಣಮುಂದೆ ಬರುವುದು ಜೋಳ ತೂಗುವ ಸೇಟು. ಕೂಲಿ ತೂಗುವಾಗಿನ ನಮ್ಮದೇ ಕೈ ಕಾಣುವುದಿಲ್ಲ. 2023ರಲ್ಲಿ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹಿಗ್ಗಿತು. ಮರುದಿನ ಬಿದ್ರಿ ಅಂಗಡಿಯಲ್ಲಿ ಮಾತ್ರ "ಇಷ್ಟೊಂದು ಯಾಕ್ರೀ?"

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಡಾಬಕಾದಿಂದ ಒಬ್ಬ ಹಿರಿಯರು ತಂದೆಯ ವಾಚು ಹಿಡಿದು ಬೀದರಿಗೆ ಬಂದರೆಂದುಕೊಳ್ಳಿ. ಬಸ್ಸಿನ ದುಡ್ಡು ಹೋಯಿತು, ಹೊಲದ ಒಂದು ದಿನ ಹೋಯಿತು. ಹೇಳಿದ ದಿನ ಬಂದರೆ "ನಾಳಿ ಬರ್ರಿ, ಕಾಕಾ." ನಾಳೆ ಬಂದರೆ ಅಂಗಡಿಗೆ ಬೀಗ. ಪೇಟೆಯವನಿಗೆ ಇದು ಬರೀ ಬೇಸರ, ಹಳ್ಳಿಯವರಿಗೆ ನಷ್ಟ. ಮೂರು ಸಲ ಸುತ್ತಿದರೆ ಎಂಟುನೂರರ ಕೆಲಸ ಸಾವಿರ ದಾಟುತ್ತದೆ, ಹೆಚ್ಚಿನ ಹಣ ರಿಪೇರಿಯವನಿಗೂ ಸಿಗುವುದಿಲ್ಲ.

ನಮ್ಮ ಹಿಂದಿನವರು ಇದನ್ನು ಯೋಚಿಸದೆ ಬಿಟ್ಟಿಲ್ಲ. ಹನ್ನೆರಡನೆಯ ಶತಮಾನದ ಮರ್ಗೀನಾನಿಯವರ 'ಹಿದಾಯ' ಗ್ರಂಥದಲ್ಲಿ ದರ್ಜಿಯೊಬ್ಬನ ಪ್ರಶ್ನೆ ಬರುತ್ತದೆ. ಬಟ್ಟೆಯನ್ನು ಇಂದೇ ಹೊಲಿದರೆ ಒಂದು ದಿರ್ಹಮ್, ನಾಳೆ ಹೊಲಿದರೆ ಅರ್ಧ ಎಂದು ಮಾತಾದರೆ ಆ ಕರಾರು ನಿಲ್ಲುತ್ತದೆಯೇ? ಇಮಾಮ್ ಅಬೂ ಹನೀಫಾರ ಪ್ರಕಾರ ಇಂದಿನ ಷರತ್ತು ನಿಲ್ಲುತ್ತದೆ, ನಾಳೆಯದು ನಿಲ್ಲುವುದಿಲ್ಲ. ನಾಳೆ ಹೊಲಿದರೆ ಅಂಥ ಕೆಲಸಕ್ಕೆ ರೂಢಿಯ ಕೂಲಿ. ಅವರ ಇಬ್ಬರು ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್, ಎರಡು ಷರತ್ತೂ ಸರಿ ಎಂದರು. ಝುಫರ್ ಎರಡೂ ಸಲ್ಲದು ಎಂದರು. ವಾದ ಏನೇ ಇರಲಿ, ದಿನವೂ ಬೆಲೆಯ ಒಂದು ಭಾಗ ಎಂಬುದನ್ನು ಅವರು ಕಂಡುಕೊಂಡಿದ್ದರು. ನಮಗೆ ಶಿಷ್ಯರಿಬ್ಬರ ಮಾತೇ ಹಿಡಿಸುತ್ತದೆ. ತಡವಾದರೆ ಇಷ್ಟು ಕಡಿತ ಎಂದು ಚೀಟಿಯ ಮೇಲೆ ಬರೆದುಕೊಡುವ ಅಂಗಡಿಯೊಂದು ನಮ್ಮಲ್ಲಿದ್ದರೆ, ಎಂಟುನೂರನ್ನು ಯಾರೂ ಪ್ರಶ್ನಿಸಲಾರರು.

ಇದಕ್ಕಿಂತ ಸೂಕ್ಷ್ಮವಾದದ್ದು ಒಳಗಿನ ಭಾಗಗಳ ವಿಷಯ. ಬಿಚ್ಚಿದ ವಾಚಿನೊಳಗೆ ಏನಿತ್ತೆಂದು ಒಡೆಯನಿಗೆ ಗೊತ್ತಿಲ್ಲ. ಒಳ್ಳೆಯ ಚಕ್ರ ತೆಗೆದು ಡಬ್ಬಿಗೆ ಹಾಕಿ ಸವೆದದ್ದನ್ನು ಕೂಡಿಸಿದರೂ ಟಿಕ್ ಟಿಕ್ ಶಬ್ದ ಒಂದೇ. ಕುಶಲಕರ್ಮಿಯ ಕೈಯಲ್ಲಿರುವ ವಸ್ತು ಅಮಾನತು, ಅವನ ತಪ್ಪಿಲ್ಲದೆ ಹಾಳಾದರೆ ಅವನು ಹೊಣೆಯಲ್ಲ ಎಂಬುದು ಅಬೂ ಹನೀಫಾರ ಅಭಿಪ್ರಾಯ. ಬೆಂಕಿಯಂಥ ಅನಿವಾರ್ಯ ಆಪತ್ತು ಬಿಟ್ಟು ಉಳಿದದ್ದಕ್ಕೆಲ್ಲ ಹೊಣೆ ಎಂದರು ಶಿಷ್ಯರು. ಆದರೆ ಚಕ್ರದ ಅದಲುಬದಲಿಗೆ ಯಾವ ಇಮಾಮರ ಬಳಿಯೂ ರಿಯಾಯಿತಿ ಸಿಗದು. ಬದಲಾಯಿಸಿದ ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ವಾಚಿನ ಜೊತೆ ಹಿಂದಕ್ಕೆ ಕೊಡುವ ರಿಪೇರಿಗಾರರಿದ್ದಾರೆ. ಅಂಥವರಿಗೆ ನೂರು ರೂಪಾಯಿ ಹೆಚ್ಚು ಕೊಡಬಹುದು.

ಇಷ್ಟೆಲ್ಲ ಖರ್ಚು ಇಸ್ರಾಫ್, ದುಂದು ಅಲ್ಲವೇ ಎಂದು ಕೇಳುವವರಿದ್ದಾರೆ. ಎರಡು ವರ್ಷಕ್ಕೊಮ್ಮೆ ಹೊಸದು ಕೊಂಡು ಹಳೆಯದನ್ನು ಎಸೆಯುವುದಕ್ಕಿಂತ ಇದು ದುಂದೆಂದು ನಮಗೆ ತೋರುವುದಿಲ್ಲ. ಆದರೆ ಮಗಳ ಕಾಲೇಜಿನ ಫೀಸು ಬಾಕಿಯಿಟ್ಟು ಅಜ್ಜನ ಫಾವ್ರ್ ಲ್ಯೂಬಾ ಓಡಿಸಬೇಕಾಗಿಲ್ಲ. ನಿಂತ ವಾಚು ನಿಂತೇ ಇರಲಿ. ಪೆಟ್ಟಿಗೆಯಲ್ಲಿ ಅದಕ್ಕೇನೂ ಆತುರವಿಲ್ಲ, ಫೀಸಿಗೆ ಕೊನೆಯ ದಿನಾಂಕವಿದೆ.

ಒಂದು ಪ್ರಶ್ನೆಗೆ ಮಾತ್ರ ನಮಗಿನ್ನೂ ಉತ್ತರ ಹೊಳೆದಿಲ್ಲ. ಕಣ್ಣಿಗೆ ಭೂತಗನ್ನಡಿ ಏರಿಸಿ, ಅರ್ಧ ಗಂಟೆ ಬಿಚ್ಚಿ ನೋಡಿ, "ಇದರ ಸಾಮಾನು ಸಿಗೋದಿಲ್ಲ ಭಾಯಿ, ಸುಮ್ಮನೆ ರೊಕ್ಕ ಹಾಕಬ್ಯಾಡ್ರಿ" ಎಂದು ಮುಚ್ಚಿ ಕೈಗೆ ಕೊಡುವವನಿಗೆ ಸಲ್ಲಬೇಕಾದದ್ದೆಷ್ಟು? ಕೆಲಸವೇನೋ ಆಗಲಿಲ್ಲ. ಆದರೆ ನಮ್ಮ ಎಂಟುನೂರು ಉಳಿಸಿದವನು ಅವನೇ. ಸುಳ್ಳು ಹೇಳಿ ಇಟ್ಟುಕೊಂಡಿದ್ದರೆ ಸಿಗುತ್ತಿತ್ತು. ಸದ್ಯಕ್ಕೆ ನಮ್ಮ ಕಡೆ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಚಹಾ, ಅದೂ ತರಿಸಿದರೆ.